ಆಟೋಮ್ಯಾಟಿಕ್ಕಾ, ಮ್ಯಾನುವಲ್ಲಾ? ಗಂಟೆಗೆ 20 ಕಿ.ಮೀ. ಒಳಗಿನ ಲೆಕ್ಕ

ಕಾರು ಕೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ ಹೇಳುವವರು ಸಾಮಾನ್ಯವಾಗಿ ಹೈವೇ ಬಗ್ಗೆ ಮಾತಾಡುತ್ತಾರೆ. ಪಿಕಪ್ ಹೇಗಿದೆ, ಓವರ್‌ಟೇಕ್ ಹೇಗೆ, ಕಂಟ್ರೋಲ್ ಯಾರ ಕೈಲಿರುತ್ತೆ ಅಂತ. ನನ್ನ ಅನುಭವ ಬೇರೆ. ಟಾಪ್ ಗೇರಿಗೆ ಬಿದ್ದ ಮೇಲೆ ಎರಡೂ ಒಂದೇ. ವ್ಯತ್ಯಾಸ ಇರುವುದೆಲ್ಲ ಗಂಟೆಗೆ 20 ಕಿ.ಮೀ. ಒಳಗೆ. ಹೊರಡುವಾಗ, ಜಾಮ್‌ನಲ್ಲಿ ತೆವಳುವಾಗ, ಏರಿನಲ್ಲಿ ನಿಂತು ಮತ್ತೆ ಎಳೆಯುವಾಗ, ಪಾರ್ಕ್ ಮಾಡುವಾಗ. ದಿನಾ ಕಾರು ಓಡಿಸುವವರ ಹೊತ್ತು ಜಾಸ್ತಿ ಕಳೆಯುವುದೂ ಅಲ್ಲೇ ಅಲ್ವಾ?

ನಮ್ಮ ಮನೆಯಲ್ಲಿ ಈಗ ಎರಡೂ ಇವೆ. ಅಪ್ಪನದು 5 ಗೇರಿನ ಹಳೇ ಮ್ಯಾನುವಲ್. ನನ್ನದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಸಾಗಿಸುವ ಸಾಧನ) ಇರುವ ಆಟೋಮ್ಯಾಟಿಕ್. ಅದಕ್ಕೂ ಮುಂಚೆ ಕೆಲವು ವರ್ಷ ಎಎಂಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಓಡಿಸಿದ್ದೆ. ಆಟೋಮ್ಯಾಟಿಕ್ಕಿನಲ್ಲೇ ಇನ್ನೆರಡು ಬಗೆಗಳಾದ ಸಿವಿಟಿ ಮತ್ತು ಡಿಸಿಟಿ ಸ್ವಂತದ್ದಲ್ಲ. ಒಂದನ್ನು ಬಾಡಿಗೆಗೆ ಪಡೆದು, ಇನ್ನೊಂದನ್ನು ಭಾವನಿಂದ ಆಗಾಗ ಕೇಳಿ ತಂದು ಓಡಿಸಿದ್ದೇನೆ. ಹಾಗಾಗಿ ‘ಆಟೋಮ್ಯಾಟಿಕ್’ ಅಂತ ಒಂದೇ ಮಾತಿನಲ್ಲಿ ತೂಗುವುದು ನನಗೆ ಆಗುವುದಿಲ್ಲ. ಇವು ನಾಲ್ಕೂ ನಾಲ್ಕು ಸ್ವಭಾವದ ಗಾಡಿಗಳು.

ಮೊದಲು ಟ್ರಾಫಿಕ್

ಮ್ಯಾನುವಲ್‌ನಲ್ಲಿ ಜಾಮ್ ಅಂದರೆ ಪೂರ್ತಿ ಎಡಗಾಲಿನ ಕೆಲಸ. ಮುಂದಿನ ಗಾಡಿ ಒಂದು ಮಾರು ಸರಿಯುತ್ತದೆ. ನೀವು ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕುತ್ತೀರಿ. ಪೆಡಲನ್ನು ನಿಧಾನಕ್ಕೆ ಬಿಡುತ್ತಾ ಬಂದರೆ ಒಂದು ಕಡೆ ಪಾದದಡಿ ಸಣ್ಣ ನಡುಕ ಬರುತ್ತದೆ, ಎಂಜಿನ್ ಸದ್ದು ತುಸು ತಗ್ಗುತ್ತದೆ. ಕ್ಲಚ್ ಹಿಡಿಯುವ ಜಾಗ ಅದೇ. ಪಾದವನ್ನು ಅಲ್ಲೇ ನಿಲ್ಲಿಸಿ ಕಾರನ್ನು ಮುಂದಕ್ಕೆ ಬಿಡುತ್ತೀರಿ. ಅಷ್ಟರಲ್ಲಿ ಮುಂದಿನವನು ನಿಂತಿರುತ್ತಾನೆ. ಬ್ರೇಕ್, ಕ್ಲಚ್, ನ್ಯೂಟ್ರಲ್. ಮತ್ತೆ ಶುರು. ಮೊದಲ ಹತ್ತು ನಿಮಿಷ ಏನೂ ಅನ್ನಿಸುವುದಿಲ್ಲ. ಆಮೇಲೆ ಮೀನಖಂಡ ಬಿಗಿಯುತ್ತದೆ. ಕ್ಲಚ್ ಗಟ್ಟಿಯಾಗಿರುವ ಹಳೇ ಗಾಡಿಯಾದರೆ ಮಂಡಿಯೂ ಮಾತಾಡಲು ಶುರು ಮಾಡುತ್ತದೆ.

ಈ ಹಾಫ್ ಕ್ಲಚ್ ಚಾಲಾಕಿಗೆ ಬೆಲೆ ತೆರುವುದು ಕ್ಲಚ್ ಪ್ಲೇಟು. ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಇಟ್ಟಷ್ಟು ಹೊತ್ತೂ ಅದು ಉಜ್ಜುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಅಪ್ಪ ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಮುಂದಿನ ಗಾಡಿ ಸರಿದ ಕೂಡಲೇ ಅದರ ಬೆನ್ನಿಗೇ ಹೋಗುವುದಿಲ್ಲ. ಜಾಗ ಸ್ವಲ್ಪ ಬೆಳೆಯಲು ಬಿಟ್ಟು, ಫಸ್ಟ್ ಗೇರಿನಲ್ಲಿ ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರ್ ಮುಟ್ಟದೆ ಗಾಡಿಯನ್ನು ತಾನಾಗಿ ಉರುಳಲು ಬಿಡುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅಪ್ಪ ಕೇಳಿಸಿಕೊಳ್ಳುವುದಿಲ್ಲ. ಅವರ ಕ್ಲಚ್ ಬಾಳಿಕೆ ನೋಡಿದರೆ ಅವರು ಮಾಡುವುದೇ ಸರಿ.

ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಇದ್ಯಾವ ತಲೆನೋವೂ ಇಲ್ಲ. ಬ್ರೇಕಿನಿಂದ ಕಾಲು ಸಡಿಲಿಸಿದರೆ ಮುಂದೆ ಹರಿಯುತ್ತದೆ, ಒತ್ತಿದರೆ ನಿಲ್ಲುತ್ತದೆ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಇಲ್ಲಿ ಗಾಳಿಯ ಬದಲು ಎಣ್ಣೆ ಇದೆ ಅಷ್ಟೆ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ತಳ್ಳುತ್ತವೆ, ಆ ಎಣ್ಣೆ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಕಾರು ನಿಂತಿದ್ದರೂ ಎಂಜಿನ್ ಆಫ್ ಆಗದಿರುವುದಕ್ಕೆ ಇದೇ ಕಾರಣ. ಎಷ್ಟು ತೆವಳಿದರೂ ಕ್ಲಚ್ ಪ್ಲೇಟಿನಂಥದ್ದು ಯಾವುದೂ ಉಜ್ಜಿ ಸವೆಯುವುದಿಲ್ಲ. ಹೊಸ ವಿದ್ಯೆ ಏನಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ 1940ರ ಮಾಡೆಲಿಗೇ ಬಂದಿತ್ತು. ಅದರೊಳಗೂ ಎಣ್ಣೆಯದೇ ಕೆಲಸ.

ಎಎಂಟಿ ಕಥೆ ಬೇರೆ. ಅದು ಒಳಗಿನಿಂದ ಮ್ಯಾನುವಲ್ಲೇ. ಅದೇ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟು. ನಿಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರು ಮತ್ತು ಒಂದೆರಡು ಮೋಟಾರು ಮಾಡುತ್ತವೆ. ಕ್ಲಚ್ ಪೆಡಲ್ ಹೋಯಿತು ಅನ್ನುವ ನೆಮ್ಮದಿ ನಿಜ. ಆದರೆ ಫಸ್ಟಿನಿಂದ ಸೆಕೆಂಡಿಗೆ ಬದಲಾಗುವಾಗ ಎಳೆತ ಒಂದು ಕ್ಷಣ ನಿಲ್ಲುತ್ತದೆ, ಒಳಗೆ ಕೂತವರ ತಲೆಯೆಲ್ಲ ಒಟ್ಟಿಗೆ ಮುಂದಕ್ಕೆ ತೂಗುತ್ತದೆ. ಕೆಲವು ವಾರ ಓಡಿಸಿದರೆ ಅದು ಯಾವಾಗ ಗೇರ್ ಬದಲಿಸುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಆಕ್ಸಿಲರೇಟರ್ ತುಸು ಸಡಿಲಿಸಿದರೆ ಜರ್ಕ್ ಬಹಳ ಕಡಿಮೆಯಾಗುತ್ತದೆ. ಗೇರ್ ಚಿಂತೆ ಬೇಡ ಅಂತ ಆಟೋಮ್ಯಾಟಿಕ್ ತಗೊಂಡು, ಆಮೇಲೆ ಗೇರ್ ಯಾವಾಗ ಬದಲಾಗುತ್ತೆ ಅಂತ ಕಾಯುತ್ತಾ ಕೂರುವುದು! ಆದರೂ ಜಾಮ್‌ನಲ್ಲಿ ಮ್ಯಾನುವಲ್ಲಿಗಿಂತ ಎಎಂಟಿ ಎಷ್ಟೋ ವಾಸಿ. ಕಾಲು ಉಳಿಯುತ್ತದೆ.

ಸಿವಿಟಿ ತೆವಳುವುದರಲ್ಲಿ ಎಲ್ಲರಿಗಿಂತ ನಯ. ಅದರಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಪುಲ್ಲಿಗಳ ಅಗಲ ಹಿಗ್ಗಿ ಕುಗ್ಗಿದ ಹಾಗೆ ಅನುಪಾತ ಬದಲಾಗುತ್ತದೆ. ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ ಇಂಥ ಕಾರು ತೋರಿಸಿತ್ತು. ಜೋರಾಗಿ ಒತ್ತಿದಾಗ ಮಾತ್ರ ರೇಗುತ್ತದೆ. ಎಂಜಿನ್ ಸದ್ದು ಮೊದಲು ಏರಿ ಅಲ್ಲೇ ಕೂಗುತ್ತಾ ನಿಲ್ಲುತ್ತದೆ, ವೇಗ ಆಮೇಲೆ ಬರುತ್ತದೆ. ನನಗೆ ಆ ಸದ್ದು ಹಿಡಿಸಲಿಲ್ಲ. ಅಕ್ಕನಿಗೆ ಅದರ ಪರಿವೆಯೇ ಇಲ್ಲ. ಅವಳು ಯಾವತ್ತೂ ಜೋರಾಗಿ ಒತ್ತುವವಳೇ ಅಲ್ಲ.

ಡಿಸಿಟಿ ಓಡುವಾಗ ಅದ್ಭುತ. ಎರಡು ಕ್ಲಚ್ ಇರುತ್ತವೆ. ಒಂದು ಈಗಿನ ಗೇರ್ ಹಿಡಿದಿರುವಾಗಲೇ ಇನ್ನೊಂದು ಕಡೆ ಮುಂದಿನ ಗೇರ್ ತಯಾರಾಗಿರುತ್ತದೆ, ಬದಲಾದದ್ದು ಗೊತ್ತೇ ಆಗುವುದಿಲ್ಲ. ಆದರೆ ತೆವಳುವ ಟ್ರಾಫಿಕ್ ಇದಕ್ಕೆ ಆಗಿಬರುವುದಿಲ್ಲ. ಒಳಗಿರುವುದು ಕ್ಲಚ್ಚೇ ಆದ್ದರಿಂದ ಇದೂ ಹಾಫ್ ಕ್ಲಚ್ಚಿನಲ್ಲೇ ತೆವಳಬೇಕು. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಆದರೆ ಬಿಸಿಯನ್ನು ಎಣ್ಣೆ ಎಳೆದುಕೊಳ್ಳುತ್ತದೆ. ಡ್ರೈ ಕ್ಲಚ್ ಆದರೆ ಕಷ್ಟ. ಭಾವನ ಕಾರಿನಲ್ಲಿ ಏರುರಸ್ತೆಯ ಜಾಮ್‌ನಲ್ಲಿ ಸಿಕ್ಕಿಕೊಂಡಾಗ ‘ಗೇರ್‌ಬಾಕ್ಸ್ ಬಿಸಿಯಾಗಿದೆ’ ಅನ್ನುವ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡಿತು. ಪಕ್ಕಕ್ಕೆ ಹಾಕಿ ಕಾದೆವು. ನಿಮ್ಮ ದಿನದ ದಾರಿ ಅಂಥದ್ದಾದರೆ ಡ್ರೈ ಕ್ಲಚ್ಚಾ, ವೆಟ್ ಕ್ಲಚ್ಚಾ ಅಂತ ಕೇಳದೆ ಡಿಸಿಟಿ ಬುಕ್ ಮಾಡಬೇಡಿ.

ಏರು ಮತ್ತು ಇಳಿಜಾರು

ಏರಿನಲ್ಲಿ ನಿಂತು ಹೊರಡುವುದು ಹೊಸಬರಿಗೆ ಮ್ಯಾನುವಲ್ಲಿನ ದೊಡ್ಡ ಭಯ. ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಹಿಡಿಯುವ ಜಾಗಕ್ಕೆ ಬಂದು, ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ತವಕಿಸಿದಾಗ ಹ್ಯಾಂಡ್ ಬ್ರೇಕ್ ಬಿಡುವುದು ಕಲಿತರೆ ಆ ಭಯ ಮುಗಿಯಿತು. ಈಗ ಬಹಳ ಗಾಡಿಗಳಲ್ಲಿ ಹಿಲ್ ಹೋಲ್ಡ್ ಇದೆ. ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಅದೇ ಹಿಡಿದಿರುತ್ತದೆ. ಟಾರ್ಕ್ ಕನ್ವರ್ಟರ್ ಗಾಡಿ ಸಣ್ಣಪುಟ್ಟ ಏರಿನಲ್ಲಿ ತಾನೇ ನಿಲ್ಲುತ್ತದೆ. ಹಿಲ್ ಹೋಲ್ಡ್ ಇಲ್ಲದ ಎಎಂಟಿ ಮಾತ್ರ ಹಿಂದಕ್ಕೆ ಜಾರುತ್ತದೆ. ಕ್ಲಚ್ ನಿಮ್ಮ ಕಾಲಿನಲ್ಲಿ ಇಲ್ಲವಲ್ಲ, ಆದ್ದರಿಂದ ಈ ಜಾರುವುದು ಮ್ಯಾನುವಲ್ಲಿಗಿಂತ ಜಾಸ್ತಿ ಗಾಬರಿ ಹುಟ್ಟಿಸುತ್ತದೆ. ಕೆಲವರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿಯೇ ಏರಿನಲ್ಲಿ ನಿಲ್ಲಿಸುತ್ತಾರೆ. ಕ್ಲಚ್ ಸುಡಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಇಳಿಜಾರಿನಲ್ಲಿ ನನ್ನ ಓಟು ಈಗಲೂ ಮ್ಯಾನುವಲ್ಲಿಗೆ. ಸೆಕೆಂಡಿಗೆ ಹಾಕಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಇದು ಆಟೋಮ್ಯಾಟಿಕ್‌ನಲ್ಲೂ ಆಗುತ್ತದೆ. ಲಿವರನ್ನು ಎಲ್, 2 ಅಥವಾ ಎಂ ಕಡೆಗೆ ಸರಿಸಿ ಕೆಳಗಿನ ಗೇರ್ ಹಿಡಿಸಿದರೆ ಸಾಕು. ಆದರೆ ಎಷ್ಟು ಜನ ಸರಿಸುತ್ತಾರೆ? ಡಿ (ಡ್ರೈವ್) ಹಾಕಿ ಮರೆತುಬಿಡುವುದೇ ಅಭ್ಯಾಸವಾಗಿರುತ್ತದೆ. ಉದ್ದದ ಬೆಟ್ಟದ ರಸ್ತೆ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾದು, ಕೊನೆಗೆ ಒತ್ತಿದರೂ ಹಿಡಿಯದಂತಾಗುತ್ತದೆ. ಆಟೋಮ್ಯಾಟಿಕ್ ಕೊಂಡವರು ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಬೇರೇನೂ ಓದದಿದ್ದರೂ ಈ ಒಂದು ಪುಟ ಓದಬೇಕು.

ಅಪ್ಪ ನನ್ನ ಗಾಡಿ ಹತ್ತಿದಾಗ

ಅಪ್ಪ ಮೊದಲ ಸಲ ನನ್ನ ಕಾರು ಓಡಿಸಿದಾಗ ಮುಂದೆ ತಿರುವು ಬಂತು. ಎಡಗಾಲು ಅದರ ಪಾಡಿಗೆ ಅದು ಕ್ಲಚ್ ಹುಡುಕಿಕೊಂಡು ಹೋಗಿ, ಅಗಲವಾದ ಬ್ರೇಕ್ ಪೆಡಲನ್ನು ಬಲವಾಗಿ ತುಳಿಯಿತು. ಎಲ್ಲರೂ ಸೀಟ್ ಬೆಲ್ಟಿಗೆ ಜೋತುಬಿದ್ದೆವು. ಕ್ಲಚ್ ತುಳಿದು ಅಭ್ಯಾಸವಾದ ಕಾಲಿಗೆ ಬ್ರೇಕಿನ ನಾಜೂಕು ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ಸುಲಭ. ಎಡಪಾದವನ್ನು ಹಿಂದಕ್ಕೆ, ಸೀಟಿನ ಹತ್ತಿರಕ್ಕೆ ಎಳೆದುಕೊಂಡು ಕೂರುವುದು. ಕೆಲವೇ ದಿನದಲ್ಲಿ ಮರೆತುಹೋಗುತ್ತದೆ. ಗೊಂದಲ ಇರುವುದು ದಿನಾ ಎರಡೂ ಗಾಡಿ ಓಡಿಸುವವರಿಗೆ.

ಇಳಿದ ಮೇಲೆ ಅವರದು ಒಂದೇ ಮಾತು: ‘ಚೆನ್ನಾಗಿದೆ ಕಣೋ, ಆದರೆ ನಾನು ಓಡಿಸಿದ ಹಾಗೆ ಅನ್ನಿಸಲಿಲ್ಲ.’ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಖಾಲಿ ತಿರುವು ರಸ್ತೆಯಲ್ಲಿ ಥರ್ಡಿನಿಂದ ಸೆಕೆಂಡಿಗೆ ಇಳಿಸಿ, ತಿರುವು ಮುಗಿಯುವಾಗ ಎಂಜಿನ್ ಸರಿಯಾಗಿ ಎಳೆತದಲ್ಲಿ ಸಿಕ್ಕರೆ ಸಿಗುವ ಖುಷಿ ಆಟೋಮ್ಯಾಟಿಕ್‌ನಲ್ಲಿ ಇಲ್ಲ. ಮ್ಯಾನುವಲ್ಲೇ ವೇಗ ಅನ್ನುವ ವಾದ ಮಾತ್ರ ಈಗ ನಿಲ್ಲುವುದಿಲ್ಲ. 1989ರಲ್ಲಿ ಬ್ರೆಜಿಲ್‌ನ ಫಾರ್ಮುಲಾ ಒನ್ ರೇಸನ್ನು ನೈಜೆಲ್ ಮ್ಯಾನ್ಸೆಲ್ ಗೆದ್ದದ್ದು ಕ್ಲಚ್ ತುಳಿಯದೆ ಸ್ಟೀರಿಂಗ್ ಹಿಂದಿನ ಪ್ಯಾಡಲ್ಲಿನಿಂದ ಗೇರ್ ಬದಲಿಸುವ ಫೆರಾರಿಯಲ್ಲಿ. ಖುಷಿ ಬೇರೆ, ವೇಗ ಬೇರೆ.

ಮೈಲೇಜ್, ರಿಪೇರಿ

ಆಟೋಮ್ಯಾಟಿಕ್ ಪೆಟ್ರೋಲ್ ಕುಡಿಯುತ್ತದೆ ಅನ್ನುವುದು 3–4 ಗೇರಿನ ಹಳೇ ಪೆಟ್ಟಿಗೆಗಳ ಕಾಲದ ಮಾತು. ಈಗ 6, 8 ಗೇರು ಮಾಮೂಲು. ವೇಗ ಹಿಡಿದ ಮೇಲೆ ಲಾಕಪ್ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸಿಬಿಡುತ್ತದೆ, ಎಣ್ಣೆಯಲ್ಲಿ ಸೋರುವ ಶಕ್ತಿ ಉಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ನನ್ನ ಗಾಡಿ ಅಪ್ಪನ ಗಾಡಿಗಿಂತ ಸ್ವಲ್ಪ ಕಡಿಮೆಯೇ ಕೊಡುತ್ತದೆ, ಹೊರಗಿನ ರಸ್ತೆಯಲ್ಲಿ ಎರಡೂ ಹತ್ತಿರ ಹತ್ತಿರ. ಎಎಂಟಿ ಮ್ಯಾನುವಲ್ಲಿಗೆ ಸಮ.

ರಿಪೇರಿ ವಿಷಯದಲ್ಲಿ ಮ್ಯಾನುವಲ್ ಗೆಲ್ಲುತ್ತದೆ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಯಾವ ಮೆಕ್ಯಾನಿಕ್ ಬೇಕಾದರೂ ಬದಲಿಸುತ್ತಾನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚುವವರು ಕಡಿಮೆ. ಕೆಟ್ಟರೆ ದೊಡ್ಡ ಖರ್ಚು. ಕೆಡದಂತೆ ನೋಡಿಕೊಳ್ಳುವುದು ಎಣ್ಣೆಯಲ್ಲಿದೆ. ಸರ್ವೀಸ್ ಸೆಂಟರ್‌ನಲ್ಲಿ ನನಗೆ ‘ಇದು ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗಿಲ್ಲ’ ಅಂದರು. ಯಾರ ಲೈಫು ಅಂತ ಹೇಳಲಿಲ್ಲ. ದೊಡ್ಡ ಗೇರ್‌ಬಾಕ್ಸ್ ತಯಾರಕರಲ್ಲಿ ಒಂದಾದ ಜೆಡ್‌ಎಫ್, ತನ್ನ ಆಟೋಮ್ಯಾಟಿಕ್‌ಗಳಿಗೆ ಸುಮಾರು 80,000ದಿಂದ 1,20,000 ಕಿ.ಮೀ. ನಡುವೆ ಎಣ್ಣೆ ಬದಲಿಸಿ ಅನ್ನುತ್ತದೆ. ನಾನು ಬದಲಿಸಿದೆ.

ಬ್ಯಾಟರಿ ಸತ್ತರೆ ಮ್ಯಾನುವಲ್ಲನ್ನು ತಳ್ಳಿ ಸ್ಟಾರ್ಟ್ ಮಾಡಬಹುದು. ಟಾರ್ಕ್ ಕನ್ವರ್ಟರ್ ಗಾಡಿಯನ್ನು ಎಷ್ಟು ತಳ್ಳಿದರೂ ಇಲ್ಲ. ಅದರ ಎಣ್ಣೆಯ ಪಂಪು ತಿರುಗುವುದು ಎಂಜಿನ್ನಿನಿಂದಲೇ. ಜಂಪರ್ ಕೇಬಲ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಲಾರಿ ಮೇಲೆ ಹತ್ತಿಸಿ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳಿಕೊಡುವುದಿಲ್ಲ. ಇಳಿಜಾರಿನಲ್ಲಿ ಆಟೋಮ್ಯಾಟಿಕ್ ನಿಲ್ಲಿಸುವಾಗ ನೇರ ಪಿ (ಪಾರ್ಕ್) ಹಾಕಿ ಬ್ರೇಕ್ ಬಿಟ್ಟರೆ ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಮರುದಿನ ಪಿಯಿಂದ ತೆಗೆಯುವಾಗ ‘ಕಟಕ್’ ಅನ್ನುವುದು ಅದೇ. ಬ್ರೇಕ್ ಒತ್ತಿಕೊಂಡು ಎನ್ (ನ್ಯೂಟ್ರಲ್) ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬ್ರೇಕ್ ಮೆಲ್ಲಗೆ ಬಿಟ್ಟು ಗಾಡಿ ಹ್ಯಾಂಡ್ ಬ್ರೇಕಿನ ಮೇಲೆ ಕೂತಮೇಲೆ, ಮತ್ತೆ ಒತ್ತಿ ಪಿ ಹಾಕಿ.

ಹಾಗಾದರೆ ಯಾವುದು?

ದಿನದ ದಾರಿ ನಿಂತು ನಿಂತು ಸಾಗುವಂಥದ್ದಾದರೆ ಆಟೋಮ್ಯಾಟಿಕ್, ಅದರಲ್ಲೂ ಟಾರ್ಕ್ ಕನ್ವರ್ಟರ್. ನಿಧಾನಸ್ಥರಾದರೆ ಸಿವಿಟಿ. ಬಜೆಟ್ ಬಿಗಿ ಇದ್ದರೆ ಎಎಂಟಿ, ಆದರೆ ಹಿಲ್ ಹೋಲ್ಡ್ ಇರಲೇಬೇಕು. ಖಾಲಿ ರಸ್ತೆಯೇ ಜಾಸ್ತಿ, ಬೆಟ್ಟದ ಕಡೆ ಓಡಾಟ, ಗಾಡಿಯನ್ನು ಬಹಳ ವರ್ಷ ಇಟ್ಟುಕೊಳ್ಳುವ ಇರಾದೆ ಇದ್ದರೆ ಮ್ಯಾನುವಲ್ ಬಿಡಬೇಡಿ. ಹೊಸದಾಗಿ ಕಲಿಯುವವರು ಮ್ಯಾನುವಲ್‌ನಲ್ಲೇ ಕಲಿಯಲಿ. ಬ್ರಿಟನ್ನಿನಂಥ ಕಡೆ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟವರಿಗೆ ಮ್ಯಾನುವಲ್ ಓಡಿಸುವ ಲೈಸೆನ್ಸೇ ಸಿಗುವುದಿಲ್ಲ.

ಟೆಸ್ಟ್ ಡ್ರೈವಿಗೆ ಹೋದಾಗ ಶೋರೂಮಿನವರು ಅಗಲ ರಸ್ತೆಗೆ ಕರೆದುಕೊಂಡು ಹೋಗಿ ‘ಒತ್ತಿ ಸರ್, ಪಿಕಪ್ ನೋಡಿ’ ಅನ್ನುತ್ತಾರೆ. ಅದು ಬೇಡ ಅನ್ನಿ. ಒಂದು ಏರು ಹುಡುಕಿ ಅರ್ಧದಲ್ಲಿ ನಿಲ್ಲಿಸಿ, ಹೊರಡಿ. ರಿವರ್ಸ್‌ನಲ್ಲಿ ಇಕ್ಕಟ್ಟಿನ ಜಾಗಕ್ಕೆ ಬರೀ ಬ್ರೇಕ್ ಹಿಡಿದು ಬಿಟ್ಟು ತೂರಿಸಲು ಆಗುತ್ತದಾ ನೋಡಿ. ಹಂಪ್ ದಾಟಿದ ಕೂಡಲೇ ಮೆಲ್ಲಗೆ ಒತ್ತಿ, ಸೆಕೆಂಡಾ ಫಸ್ಟಾ ಅಂತ ತಡಬಡಾಯಿಸುತ್ತದಾ ಗಮನಿಸಿ. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಆದರೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ಬ್ರೇಕ್ ಒತ್ತಿ ಹಿಡಿದು ಆರ್‌ನಿಂದ ಡಿಗೆ, ಡಿಯಿಂದ ಆರ್‌ಗೆ ಬದಲಿಸಿ. ಹಿಡಿಯಲು ತಡ ಮಾಡಿದರೆ ಅಥವಾ ‘ಧಡ್’ ಅಂತ ಹೊಡೆದರೆ, ಮಾಲೀಕರು ಗಾಡಿಯನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ, ಬೇರೆ ಗಾಡಿ ನೋಡಿ.