ಫಾರ್ವರ್ಡ್ ಒತ್ತುವ ಮುನ್ನ: ಚಿತ್ರದ ಹುಟ್ಟು ಹುಡುಕುವ ಟಿನ್‌ಐ ಹೇಗಿದೆ?

ದೀಪಾವಳಿ ಬಂದರೆ ಆ ಚಿತ್ರವೂ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಭಾರತ, ಮೈತುಂಬ ಬಿಳಿ, ನೀಲಿ, ಹಸಿರು, ಕೆಂಪು ಬೆಳಕು, ಜೊತೆಗೆ ‘ದೀಪಾವಳಿ ರಾತ್ರಿ ನಾಸಾ ತೆಗೆದ ಫೋಟೊ’ ಎಂಬ ಒಕ್ಕಣೆ. ಅದು ಒಂದು ರಾತ್ರಿಯ ಫೋಟೊ ಅಲ್ಲವೇ ಅಲ್ಲ. ಅಮೆರಿಕದ ರಕ್ಷಣಾ ಹವಾಮಾನ ಉಪಗ್ರಹಗಳ ಹಲವು ವರ್ಷಗಳ ದತ್ತಾಂಶವನ್ನು ಒಂದರ ಮೇಲೊಂದು ಹೊದಿಸಿ, ಜನಸಂಖ್ಯೆಯ ಬೆಳವಣಿಗೆ ತೋರಿಸಲೆಂದು ಅಲ್ಲಿನ ಸಾಗರ–ವಾತಾವರಣ ಸಂಸ್ಥೆ ನೋವಾದ ವಿಜ್ಞಾನಿ ಕ್ರಿಸ್ ಎಲ್ವಿಜ್ 2003ರಲ್ಲಿ ಮಾಡಿದ ನಕ್ಷೆ. 1992ಕ್ಕಿಂತ ಮೊದಲೇ ಇದ್ದ ದೀಪಗಳು ಬಿಳಿ. 1992, 1998, 2003ರಲ್ಲಿ ಹೊಸದಾಗಿ ಕಂಡವು ಕ್ರಮವಾಗಿ ನೀಲಿ, ಹಸಿರು, ಕೆಂಪು. ನಾಸಾ 2012ರಲ್ಲೇ ಇದನ್ನು ವಿವರಿಸಿ, ದೀಪಾವಳಿಯ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಗುರುತಿಸಲಾಗದಷ್ಟು ಕಡಿಮೆ ಎಂದೂ ಹೇಳಿತ್ತು. ಅಂದರೆ ಉತ್ತರ ಸಿದ್ಧವಿದೆ, ಚಿತ್ರ ಹಿಡಿದು ಅಲ್ಲಿಗೆ ಹೋಗುವ ದಾರಿ ಬೇಕು, ಅಷ್ಟೆ. ಆ ದಾರಿಗಳಲ್ಲಿ, ಚಿತ್ರ ಕೊಟ್ಟರೆ ಅಂತರ್ಜಾಲದಲ್ಲಿ ಅದರ ಪ್ರತಿಗಳನ್ನು ಹುಡುಕಿಕೊಡುವ ಟಿನ್‌ಐ (TinEye) ತಾಣ ಹಳೆಯದು, ಕನ್ನಡದಲ್ಲಿ ವಿಜ್ಞಾನ–ತಂತ್ರಜ್ಞಾನದ ಸುದ್ದಿ ಹಂಚುವವರು ಬಳಸುವುದು ಮಾತ್ರ ಕಡಿಮೆ.

ಕೆನಡಾದ ಟೊರಾಂಟೊದ ಕಂಪನಿಯೊಂದು 2008ರಲ್ಲಿ ಶುರು ಮಾಡಿದ ಸೇವೆ ಇದು. ಲಾಗಿನ್ ಬೇಡ, ವಾಣಿಜ್ಯೇತರ ಬಳಕೆಗೆ ದುಡ್ಡೂ ಬೇಡ. ಚಿತ್ರವನ್ನು ಅಪ್‌ಲೋಡ್ ಮಾಡಬಹುದು, ಇಲ್ಲವೇ ಅದರ ಕೊಂಡಿ ಅಂಟಿಸಬಹುದು. ಕಂಪ್ಯೂಟರಿನಲ್ಲಾದರೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್‌ಗೆ ಎಕ್ಸ್‌ಟೆನ್ಶನ್ ಇದೆ. ಹಾಕಿಕೊಂಡರೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಾಕು. ಫೋನಿನಲ್ಲಿ ಬ್ರೌಸರಿನಿಂದ ಟಿನ್‌ಐ ತಾಣಕ್ಕೆ ಹೋಗಿ, ಅಪ್‌ಲೋಡ್ ಒತ್ತಿ, ಗ್ಯಾಲರಿಯ ವಾಟ್ಸ್‌ಆ್ಯಪ್ ಇಮೇಜಸ್ ಫೋಲ್ಡರಿನಿಂದ ಚಿತ್ರ ಆರಿಸಿಕೊಳ್ಳಬೇಕು.

ಇದು ಕೆಲಸ ಮಾಡುವ ಬಗೆ ತಿಳಿದಿದ್ದರೆ ಇದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದೂ ತಿಳಿಯುತ್ತದೆ. ಟಿನ್‌ಐ ಚಿತ್ರದಲ್ಲಿ ಏನಿದೆ ಎಂದು ನೋಡುವುದಿಲ್ಲ. ಇಡೀ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಗುರುತು ಮಾಡಿಕೊಂಡು, ತಾನು ಅಂತರ್ಜಾಲದಲ್ಲಿ ಸುತ್ತಿ ಕೂಡಿಟ್ಟ ಚಿತ್ರಗಳ (6,000 ಕೋಟಿಗೂ ಹೆಚ್ಚು) ಗುರುತುಗಳ ಜೊತೆ ಹೋಲಿಸುತ್ತದೆ. ಹಾಗಾಗಿ ಸಿಗುವುದು ಅದೇ ಚಿತ್ರದ ಪ್ರತಿಗಳು: ಗಾತ್ರ ಬದಲಿಸಿದ್ದು, ಅಂಚು ಕತ್ತರಿಸಿದ್ದು, ಬಣ್ಣ ತಿದ್ದಿದ್ದು. ಅದೇ ಸೇತುವೆಯನ್ನು ಇನ್ನೊಬ್ಬರು ಪಕ್ಕದಲ್ಲಿ ನಿಂತು ತೆಗೆದ ಫೋಟೊ ಸಿಗುವುದಿಲ್ಲ. ಮುಖ ಗುರುತಿಸುವುದೂ ಇಲ್ಲ. ಇದು ಕೊರತೆಯಂತೆ ಕಂಡರೂ ಮೂಲ ಹುಡುಕುವವರಿಗೆ ಅನುಕೂಲವೇ, ಏಕೆಂದರೆ ‘ಹೋಲುವ’ ನೂರು ಚಿತ್ರಗಳ ರಾಶಿಯಲ್ಲಿ ತಡಕಾಡಬೇಕಿಲ್ಲ.

ಟಿನ್‌ಐನ ನಿಜವಾದ ಬೆಲೆ ಇರುವುದು ಫಲಿತಾಂಶಗಳ ಮೇಲಿನ ವಿಂಗಡಣೆಯ ಪಟ್ಟಿಯಲ್ಲಿ. ಮೊದಲಿಗೆ ಅಲ್ಲಿ ‘ಬೆಸ್ಟ್ ಮ್ಯಾಚ್’ ಇರುತ್ತದೆ. ಅದನ್ನು ‘ಓಲ್ಡೆಸ್ಟ್’ಗೆ ಬದಲಿಸಿದ ಕೂಡಲೇ ಅತಿ ಹಳೆಯ ಪ್ರತಿ ಮೇಲೆ ಬರುತ್ತದೆ. ನಿನ್ನೆಯ ಪ್ರವಾಹದ್ದೆಂದು ಬಂದ ಚಿತ್ರ ಐದು ವರ್ಷದ ಹಿಂದೆಯೇ ಎಲ್ಲೋ ಇತ್ತೆಂದರೆ ಚರ್ಚೆ ಅಲ್ಲಿಗೇ ಮುಗಿಯಿತು. ‘ಬಿಗೆಸ್ಟ್ ಇಮೇಜ್’ ಕೂಡ ಉಪಯುಕ್ತ: ಮೂಲ ಪ್ರತಿ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಕೈಯಿಂದ ಕೈಗೆ ಹೋದಂತೆ ಕುಗ್ಗುತ್ತದೆ. ‘ಮೋಸ್ಟ್ ಚೇಂಜ್ಡ್’ ಹಾಕಿದರೆ ತಿದ್ದಿದ ಪ್ರತಿಗಳು ಮೇಲೆ ಬರುತ್ತವೆ. ‘ಕಂಪೇರ್’ ಒತ್ತಿದರೆ ನಿಮ್ಮ ಚಿತ್ರ, ಸಿಕ್ಕ ಚಿತ್ರ ಎರಡನ್ನೂ ಒಂದೇ ಜಾಗದಲ್ಲಿ ಅದಲುಬದಲು ಮಾಡಿ ನೋಡಬಹುದು. ಯಾವ ಫಲಕದ ಬರಹ ಬದಲಾಗಿದೆ, ಯಾರನ್ನು ಅಳಿಸಿದ್ದಾರೆ ಎಂಬುದು ಆಗ ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಇಲ್ಲೇ ಅನೇಕರು ಎಡವುವುದು ಕೂಡ. ಫಲಿತಾಂಶದ ಪಕ್ಕದ ದಿನಾಂಕ ಆ ಚಿತ್ರ ಪ್ರಕಟವಾದ ದಿನವಲ್ಲ. ಟಿನ್‌ಐ ಅದನ್ನು ಮೊದಲು ಕಂಡ ದಿನ. ಚಿತ್ರ ಅದಕ್ಕಿಂತ ಹಳೆಯದಿರಬಹುದು, ಹೊಸದಾಗಿರಲು ಸಾಧ್ಯವಿಲ್ಲ. ಮೇಲೆ ಹೇಳಿದ ನಕ್ಷೆಯನ್ನೇ ತೆಗೆದುಕೊಳ್ಳಿ: ಅದು ಹುಟ್ಟಿದ್ದು 2003ರಲ್ಲಿ, ಟಿನ್‌ಐ ಹುಟ್ಟಿದ್ದು 2008ರಲ್ಲಿ. ಟಿನ್‌ಐ ಕೊಡುವ ಯಾವ ದಿನಾಂಕವೂ ನಕ್ಷೆಯ ನಿಜವಾದ ವಯಸ್ಸನ್ನು ಹೇಳಲಾರದು. ಹಾಗಾಗಿ ‘ಈ ಚಿತ್ರ ಇಂಥ ದಿನದ್ದು’ ಎಂದು ಬರೆಯಬೇಡಿ, ‘ಇಂಥ ದಿನಕ್ಕಾಗಲೇ ಅಂತರ್ಜಾಲದಲ್ಲಿತ್ತು’ ಎಂದು ಬರೆಯಿರಿ. ನಿಜವಾದ ದಿನ ಬೇಕಿದ್ದರೆ ಆ ಪುಟವನ್ನೇ ತೆರೆದು ಲೇಖನದ ದಿನಾಂಕ, ಚಿತ್ರದ ಅಡಿಬರಹ ಓದಬೇಕು.

ಹುಡುಕುವ ಮೊದಲು ಚಿತ್ರವನ್ನು ಹದ ಮಾಡಿಕೊಳ್ಳುವುದು ಮುಖ್ಯ. ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟನ್ನು ಹಾಗೇ ಕೊಟ್ಟರೆ ಮೇಲಿನ ಬ್ಯಾಟರಿ ಪಟ್ಟಿ, ಕೆಳಗಿನ ಒಕ್ಕಣೆ ಎಲ್ಲ ಸೇರಿ ಗುರುತೇ ಬೇರೆಯಾಗುತ್ತದೆ, ಫಲಿತಾಂಶ ಸೊನ್ನೆ ಬರಬಹುದು. ಫೋಟೊ ಭಾಗ ಮಾತ್ರ ಉಳಿಯುವಂತೆ ಕ್ರಾಪ್ ಮಾಡಿ. ಎರಡು–ಮೂರು ಫೋಟೊ ಜೋಡಿಸಿದ ಕೊಲಾಜ್ ಆದರೆ ಒಂದೊಂದನ್ನೂ ಬೇರೆ ಮಾಡಿ ಹುಡುಕಿ. ಅಂಗೈಯಗಲದ ಥಂಬ್‌ನೇಲ್ ಬೇಡ. ಅಗಲ, ಎತ್ತರ ಎರಡೂ 300 ಪಿಕ್ಸೆಲ್ ಮೀರಿದ್ದರೆ ಒಳ್ಳೆಯದು. ಏನೂ ಸಿಗದಿದ್ದರೆ ಎಡ–ಬಲ ತಿರುಗಿಸಿ ಮತ್ತೊಮ್ಮೆ ನೋಡಿ, ಕದ್ದವರು ಕನ್ನಡಿ ಪ್ರತಿ ಮಾಡಿರುವುದುಂಟು. ಕ್ಯಾಮೆರಾ, ದಿನಾಂಕ, ಜಾಗದ ಮೆಟಾಡೇಟಾ ಸಿಕ್ಕೀತೆಂದು ವಾಟ್ಸ್‌ಆ್ಯಪ್ ಫೋಟೊದಲ್ಲಿ ತಡಕುವುದು ವ್ಯರ್ಥ. ಫೋಟೊ ಆಗಿ ಕಳಿಸಿದಾಗ ಅದು ಕಳಚಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮಾತ್ರ ಉಳಿದಿರುತ್ತದೆ.

ಟಿನ್‌ಐ ಸೋಲುವ ಜಾಗಗಳೂ ಸ್ಪಷ್ಟ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಷ್ಟೇ ಓಡಾಡಿದ ಚಿತ್ರ ಅದರ ಬಲೆಗೆ ಬೀಳುವುದಿಲ್ಲ. ಕನ್ನಡದ ಸಣ್ಣ ಸುದ್ದಿ ತಾಣಗಳ ಫೋಟೊ ಸಿಗುವುದು ಅಪರೂಪ. ಎಲ್ಲಕ್ಕಿಂತ ದೊಡ್ಡ ತೊಂದರೆ ಬಿಸಿಬಿಸಿ ಸುದ್ದಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದ ಬೆನ್ನಲ್ಲೇ, ಚಂದ್ರನ ಮಣ್ಣಿನಲ್ಲಿ ರಾಷ್ಟ್ರಲಾಂಛನ ಅಚ್ಚೊತ್ತಿದ ಚಿತ್ರವೊಂದು ಎಲ್ಲ ಗುಂಪುಗಳಿಗೂ ಹಂಚಿಹೋಯಿತು. ಪ್ರಜ್ಞಾನ್ ರೋವರಿನ ಹಿಂಬದಿ ಚಕ್ರಗಳಲ್ಲಿ ಲಾಂಛನ ಮತ್ತು ಇಸ್ರೊ ಗುರುತು ಇದ್ದದ್ದು ನಿಜ, ಆ ಚಿತ್ರ ಮಾತ್ರ ಕಲಾವಿದರೊಬ್ಬರ ಕಲ್ಪನೆ. ಇಂಥ ಹೊಚ್ಚಹೊಸ ಚಿತ್ರವನ್ನು ಟಿನ್‌ಐ ಇನ್ನೂ ಕಂಡೇ ಇರುವುದಿಲ್ಲ. ಆಗ ಮಾಡಬೇಕಾದ್ದು ಎರಡು: ಕತ್ತರಿಸದ ಪ್ರತಿ ಹುಡುಕಿ ಮೂಲೆಯಲ್ಲಿ ಯಾರ ಹೆಸರಾದರೂ ಇದೆಯೇ ನೋಡುವುದು, ಇಸ್ರೊ ತಾಣದಲ್ಲಿ ಆ ಚಿತ್ರ ಇದೆಯೇ ನೋಡುವುದು. ಸೊನ್ನೆ ಫಲಿತಾಂಶ ಬಂತೆಂದರೆ ಚಿತ್ರ ಸಾಚಾ ಎಂದಲ್ಲ. ಎಐ ಈಗಷ್ಟೇ ಸೃಷ್ಟಿಸಿದ ಚಿತ್ರಕ್ಕೂ ಸೊನ್ನೆಯೇ ಬರುತ್ತದೆ.

ಗೂಗಲ್ ಲೆನ್ಸ್ ಈ ಕೊರತೆಗಳನ್ನು ಬಹುಮಟ್ಟಿಗೆ ತುಂಬುತ್ತದೆ. ಅದು ಚಿತ್ರದೊಳಗಿನ ವಸ್ತು, ಕಟ್ಟಡ, ಬರಹ ಗುರುತಿಸುವುದರಿಂದ ಜಾಗ ಪತ್ತೆಗೆ ಒಳ್ಳೆಯದು. ನಾಲ್ಕು ಮೂಲೆಯ ಹಿಡಿಗಳನ್ನು ಎಳೆದು ಅಂಗಡಿಯ ಬೋರ್ಡು, ಮೈಲಿಗಲ್ಲು, ಗೋಪುರ ಹೀಗೆ ಒಂದನ್ನೇ ಆರಿಸಿ ಕೇಳಿ. ಕರ್ನಾಟಕದ ಪ್ರವಾಹ ಎಂದು ಬಂದ ಚಿತ್ರದಲ್ಲಿ ಗಾಡಿಗಳ ನಂಬರ್ ಪ್ಲೇಟು ‘ಕೆಎ’ ಬದಲು ‘ಕೆಎಲ್’ ಎಂದಿದ್ದರೆ, ಬೋರ್ಡುಗಳೆಲ್ಲ ಮಲಯಾಳದಲ್ಲಿದ್ದರೆ ಬೇರೆ ಸಾಕ್ಷಿ ಹೆಚ್ಚು ಬೇಕಾಗದು. ಆದರೆ ಲೆನ್ಸ್‌ನ ಮೊದಲ ಪರದೆಯ ‘ಹೋಲುವ ಚಿತ್ರ’ಗಳನ್ನು ನಂಬಿ ಕೂರಬೇಡಿ, ‘ಎಕ್ಸಾಕ್ಟ್ ಮ್ಯಾಚಸ್’ ಟ್ಯಾಬಿಗೆ ಹೋಗಿ. ‘ಅಬೌಟ್ ದಿಸ್ ಇಮೇಜ್’ ಕಂಡರೆ ಅದನ್ನೂ ತೆರೆಯಿರಿ, ಗೂಗಲ್ ಆ ಚಿತ್ರವನ್ನು ಮೊದಲು ಯಾವಾಗ ಕಂಡಿತು ಎಂಬ ಅಂದಾಜು ಅಲ್ಲಿ ಸಿಗುತ್ತದೆ. ಟಿನ್‌ಐನಂತೆ ಎಲ್ಲ ಫಲಿತಾಂಶಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸುವ ಗುಂಡಿ ಮಾತ್ರ ಲೆನ್ಸ್‌ನಲ್ಲಿಲ್ಲ. ಇದೊಂದೇ ಕಾರಣಕ್ಕೆ ಟಿನ್‌ಐ ಇನ್ನೂ ಬೇಕು.

ವಿಡಿಯೊಗಳಿಗೆ ಎರಡೂ ನೇರವಾಗಿ ಒದಗುವುದಿಲ್ಲ. ದೃಶ್ಯ ಬದಲಾಗುವ ನಾಲ್ಕೈದು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಪ್ರತಿಯೊಂದನ್ನೂ ಹುಡುಕಬೇಕು. ಕೈ ಅಲುಗಿ ಮಸುಕಾದ ಚೌಕಟ್ಟು (ಫ್ರೇಮ್) ಬಿಟ್ಟು, ಹಿನ್ನೆಲೆ ಸ್ಪಷ್ಟವಿರುವುದನ್ನು ಆರಿಸಿ. ದಿನವೂ ಇದೇ ಕೆಲಸ ಮಾಡುವವರು ಕ್ರೋಮ್‌ನಲ್ಲಿ ಇನ್‌ವಿಡ್–ವಿವೆರಿಫೈ ಪ್ಲಗಿನ್ ಹಾಕಿಕೊಂಡರೆ ಚೌಕಟ್ಟು ಬಿಡಿಸುವ ಶ್ರಮ ತಪ್ಪುತ್ತದೆ.

ಖಾಸಗಿತನದ ವಿಷಯದಲ್ಲಿ ಟಿನ್‌ಐ ಮೇಲು. ಹುಡುಕಲು ಕೊಟ್ಟ ಚಿತ್ರವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಅದು ಹೇಳುತ್ತದೆ. ಲೆನ್ಸ್ ಬಳಸುವವರು ಗೂಗಲ್ ಖಾತೆಯ ‘ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ’ಯಲ್ಲಿ ‘ವಿಷುಯಲ್ ಸರ್ಚ್ ಹಿಸ್ಟರಿ’ ಆಫ್ ಆಗಿದೆಯೇ ಒಮ್ಮೆ ನೋಡಿಕೊಳ್ಳಲಿ. ಗಾಯಾಳುಗಳ, ಮಕ್ಕಳ ಚಿತ್ರವಾದರೆ ಮುಖ ಬಿಟ್ಟು ಹಿನ್ನೆಲೆಯ ತುಂಡನ್ನಷ್ಟೇ ಲೆನ್ಸ್‌ಗೆ ಕೊಡಿ. ಜಾಗ ಪತ್ತೆಗೆ ಅಷ್ಟು ಸಾಕು.

ವಾಟ್ಸ್‌ಆ್ಯಪಿನಲ್ಲಿ ಎರಡು ಬಾಣದ ಗುರುತು, ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಎಂಬ ಸಾಲು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಹುಡುಕಾಟ ಶುರುಮಾಡಲು ಅದೇ ಸೂಚನೆ. ಮೂಲ ಸಿಕ್ಕಿದ ಮೇಲೆ ಗುಂಪಿಗೆ ಟಿನ್‌ಐ ಫಲಿತಾಂಶದ ಪುಟ ಹಾಕಬೇಡಿ, ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮೂಲ ಪುಟದ ಕೊಂಡಿ, ಪ್ರಕಟವಾದ ದಿನ, ಚಿತ್ರ ನಿಜಕ್ಕೂ ಯಾವುದರದು ಎಂಬ ಒಂದು ಸಾಲು, ಇಷ್ಟನ್ನು ಆ ಫಾರ್ವರ್ಡಿಗೇ ರಿಪ್ಲೈ ಆಗಿ ಹಾಕಿ. ಬೇರೆ ಸಂದೇಶವಾಗಿ ಹಾಕಿದರೆ ಹತ್ತು ಗುಡ್ ಮಾರ್ನಿಂಗ್‌ಗಳ ಕೆಳಗೆ ಅದು ಮುಚ್ಚಿಹೋಗುತ್ತದೆ.