ಸಂಬಳ ಜಾಸ್ತಿ ಇರೋದಾ, ಸವಲತ್ತು ಜಾಸ್ತಿ ಇರೋದಾ?

ಕೈಯಲ್ಲಿ ಎರಡು ಆಫರ್ ಇವೆ ಅಂದುಕೊಳ್ಳಿ. ಒಂದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ: ಮಧ್ಯಾಹ್ನದ ಊಟ, ಕ್ಯಾಬ್, ಅಪ್ಪ-ಅಮ್ಮನಿಗೂ ಸೇರಿ ಆರೋಗ್ಯ ವಿಮೆ. ಇನ್ನೊಂದು ಧಾರವಾಡದಲ್ಲಿ: ತಿಂಗಳಿಗೆ 4,000 ರೂಪಾಯಿ ಜಾಸ್ತಿ, ಬೇರೇನೂ ಇಲ್ಲ.

ಊಟದ ಲೆಕ್ಕ ಸುಲಭ. ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ತಿಂಗಳಿಗೆ ಎಷ್ಟಾಗುತ್ತೆ ನೋಡಿ, ಅಷ್ಟೇ. ಕ್ಯಾಬ್‌ಗೆ ನಾನು ದೊಡ್ಡ ಬೆಲೆ ಕಟ್ಟಲ್ಲ, ಹುಬ್ಬಳ್ಳಿ-ಧಾರವಾಡ ಮಧ್ಯೆ ಓಡುವ ಚಿಗರಿ ಬಸ್ ಇದೆಯಲ್ವಾ. ರಾತ್ರಿ ಪಾಳಿ ಇದ್ದರೆ ಮಾತ್ರ ಬೇರೆ ಮಾತು.

ವಿಮೆ ಹಾಗೆ ಸುಮ್ನೆ ಬಿಡುವಂಥದ್ದಲ್ಲ. ಅಪ್ಪನಿಗೆ ಶುಗರ್, ಬಿಪಿ ಇದ್ದರೆ ನೀವೇ ಮಾಡಿಸುವ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು, ಆದರೆ ಕಂಪನಿಯ ಗುಂಪು ವಿಮೆಯಲ್ಲಿ ಬಹಳ ಸಲ ಮೊದಲ ದಿನದಿಂದಲೇ ಅದೂ ಸೇರಿರುತ್ತದೆ. ಕೆಲಸ ಬಿಟ್ಟರೆ ಅದೂ ಹೋಗುತ್ತದೆ, ನೆನಪಿರಲಿ. ಅಪ್ಪ-ಅಮ್ಮನ ಪ್ರೀಮಿಯಂ ನಿಮ್ಮ ಸಂಬಳದಲ್ಲೇ ಕಡಿತವಾಗುತ್ತಾ ಅಂತಲೂ ಕೇಳಿ.

ಕಂಪನಿ ಇದನ್ನೆಲ್ಲ ಯಾಕೆ ಕೊಡುತ್ತದೆ? ಹೊಸಬರನ್ನು ಹುಡುಕಿ ಕೆಲಸ ಕಲಿಸುವ ಖರ್ಚು ದೊಡ್ಡದು, ಕಲಿತವರು ಬೆಂಗಳೂರು, ಪುಣೆ ಅಂತ ಹೊರಟುಬಿಡುತ್ತಾರೆ. ಊಟ ಒಳಗೇ ಸಿಕ್ಕರೆ ಹೊರಗೆ ಹೋಗಿಬರುವ ಸಮಯವೂ ಉಳಿಯುತ್ತದೆ. ರಾತ್ರಿ ಊಟವೂ ಪುಕ್ಕಟೆ ಅಂದರೆ, ಮನೆಗೆ ಎಷ್ಟು ಗಂಟೆಗೆ ಬಿಡ್ತಾರೆ ಅಂತ ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ.

ಪಿಎಫ್ ಅನ್ನು ಸವಲತ್ತು ಅಂತ ತೋರಿಸಿದರೆ ಒಪ್ಪಬೇಡಿ. 20 ಅಥವಾ ಅದಕ್ಕಿಂತ ಜಾಸ್ತಿ ಮಂದಿ ಇರುವ ಕಂಪನಿಗೆ ಅದು ಕಾನೂನು.

ಮನೆಯಲ್ಲಿ ವಯಸ್ಸಾದವರಿದ್ದರೆ ನಾನು ಕಣ್ಣು ಮುಚ್ಚಿ ಗೋಕುಲ ರಸ್ತೆಯದನ್ನೇ ಹಿಡಿಯಿರಿ ಅಂತೀನಿ. ಅಪ್ಪ-ಅಮ್ಮನಿಗೆ ಆಗಲೇ ಒಳ್ಳೆಯ ಪಾಲಿಸಿ ಇದ್ದು, ತಲೆ ಮೇಲೆ ಸಾಲವಿದ್ದರೆ ಧಾರವಾಡಕ್ಕೆ ಹೋಗಿ.