ವಿಜಯಪುರದಲ್ಲಿ ಟಾಂಗಾ ಸವಾರಿ: ಹತ್ತೋಕೆ ಮುಂಚೆ ಎರಡು ಮಾತು

ಗೋಲ್ ಗುಂಬಜ್ ಗೇಟ್ ಹತ್ರ ನಿಂತಿರೋ ಟಾಂಗಾ ಹತ್ತಬೇಕಾ ಆಟೋ ಹಿಡೀಬೇಕಾ ಅಂತ ಯೋಚ್ನೆ ಮಾಡ್ತಿರೋರಿಗೆ ಹೇಳ್ತೀನಿ, ಟಾಂಗಾನೇ ಹತ್ತಿ. ಊರಿನ ಪೂರ್ವದಲ್ಲಿ ಗುಂಬಜ್, ಪಶ್ಚಿಮದ ಕೋಟೆ ಗೋಡೆ ದಾಟಿದ್ಮೇಲೆ ಇಬ್ರಾಹಿಂ ರೋಜಾ ಅನ್ನೋ ಗೋರಿ, ಮಧ್ಯದಲ್ಲಿ ಗಗನ್ ಮಹಲ್, ಬಾರಾ ಕಮಾನ್, ಹಿಂಗೆ ಹರಡ್ಕೊಂಡಿದೆ, ಕುದುರೆ ನಿಧಾನಕ್ಕೆ ಹೋಗೋದ್ರಿಂದ ದಾರೀಲಿ ಮನೆಗಳ ನಡುವೆ ಸಿಗೋ ಹೆಸರಿಲ್ಲದ ಗುಮ್ಮಟ, ಮುರಿದ ಕಮಾನು ಎಲ್ಲಾ ಕಣ್ಣಿಗೆ ಬೀಳುತ್ತೆ.

ನಮ್ಮ ಟಾಂಗಾದವ್ರು ಒಳ್ಳೇವ್ರು, ಆದ್ರೆ ಟೈಮ್ ಲೆಕ್ಕ ಮಾತ್ರ ಉಲ್ಟಾ. ಗುಂಬಜ್‌ಗೆ "ಆರಾಮ ನೋಡ್ಕೊಂಡ್ ಬರ್ರಿ, ನಾ ಇಲ್ಲೇ ಇರ್ತೀನಿ" ಅಂದ್ರು, ರೋಜಾಗೆ ಬಂದಾಗ "ಲಗೂನ ಬರ್ರಿ ಸರ" ಅಂತ ಅವಸರ. ನನ್ನ ಕೇಳಿದ್ರೆ ಜಾಸ್ತಿ ಟೈಮ್ ಬೇಕಿರೋದೇ ರೋಜಾಗೆ.

ಗುಂಬಜ್ ದೊಡ್ಡದೇ, ಇಲ್ಲ ಅನ್ನಲ್ಲ. ಹೊರಗಿನ ವ್ಯಾಸ ಸುಮಾರು 44 ಮೀಟರ್, ಒಳಗೆ ಒಂದು ಕಂಬ ಇಲ್ಲ, ಒಂದನ್ನೊಂದು ಹಾದುಹೋಗೋ ಕಮಾನುಗಳೇ ಅಷ್ಟು ಭಾರ ಹೊತ್ಕೊಂಡಿವೆ, 1656ರ ಕೆಲಸ ಅಂದ್ರೆ ನಂಬೋಕಾಗಲ್ಲ. ಮೂಲೆ ಗೋಪುರದ ಮೆಟ್ಟಿಲು ಹತ್ತಿ ಪಿಸುಗುಟ್ಟೋ ಗ್ಯಾಲರಿಗೆ ಹೋಗ್ಬೇಕು, ಮಂಡಿ ನೋವಿರೋರು ಯೋಚ್ನೆ ಮಾಡಿ. ಬಾಗಿಲು ತೆಗೆದ ಕೂಡ್ಲೇ ಹೋದ್ರೆ ಆಚೆ ಕಡೆ ಪಿಸುಗುಟ್ಟಿದ್ದು ಈಚೆ ಕೇಳುತ್ತೆ, ಸ್ಕೂಲ್ ಟ್ರಿಪ್ ಮಕ್ಕಳು ಬಂದ್ಮೇಲೆ ಹೋದ್ರೆ ಬರೀ ಕಿರುಚಾಟ, ತಲೆನೋವು ಗ್ಯಾರಂಟಿ.

ಗುಂಬಜ್ ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾನ ಗೋರಿ, ರೋಜಾ ಅವರಪ್ಪ ಎರಡನೇ ಇಬ್ರಾಹಿಂದು. ಮಗ ಗಾತ್ರದಲ್ಲಿ ಗೆದ್ದ, ಕುಸುರಿ ವಿಷಯಕ್ಕೆ ಬಂದ್ರೆ ಅಪ್ಪನ ಹತ್ರಾನೂ ಬರಲ್ಲ. ರೋಜಾದಲ್ಲಿ ಒಂದೇ ಜಗಲಿ ಮೇಲೆ ಗೋರಿ, ಮಸೀದಿ ಎದುರುಬದುರು, ನಡುವೆ ಕಾರಂಜಿ ಕೊಳ. ಗೋರಿಯ ಕಿಟಕಿಗಳಲ್ಲಿ ಅಕ್ಷರಗಳನ್ನೇ ಕಲ್ಲಿನ ಜಾಲರಿ ಮಾಡಿ ಕೊರೆದಿದಾರೆ, ಬೆಳಕು ಬರೋದೇ ಆ ಅಕ್ಷರಗಳ ಸಂದಿಯಿಂದ. ಮಸೀದಿ ಸೂರಿನ ಕೆಳಗೆ ಕಲ್ಲಿನ ಸರಪಳಿ ನೇತಾಡ್ತಿದೆ, ಕೊಂಡಿಗಳನ್ನ ಜೋಡಿಸಿದ್ದಲ್ಲ, ಒಂದೇ ಕಲ್ಲಲ್ಲಿ ಕೆತ್ತಿದ್ದು. ಮೇಲೆ ನೋಡದೇ ಹೋಗೋರೇ ಜಾಸ್ತಿ ಅನ್ಸುತ್ತೆ.

ಮಲಿಕ್-ಎ-ಮೈದಾನ್ ತೋಪು ದಾರೀಲೇ ಸಿಗುತ್ತೆ, ಸುಮಾರು 55 ಟನ್, ಬಾಯಲ್ಲಿ ಆನೆ ಕಚ್ಚಿರೋ ಸಿಂಹದ ಮುಖ, ಫೋಟೋಗೆ ಐದು ನಿಮಿಷ ಸಾಕು. ಉಪ್ಲಿ ಬುರುಜು ಹತ್ತಿದ್ರೆ ಊರೆಲ್ಲಾ ಕಾಣುತ್ತೆ. ಹೊಸದ್ರಲ್ಲಿ ಶಿವಗಿರಿಯ 85 ಅಡಿ ಶಿವ ಇದೆ, ಅದಕ್ಕೆ ಆಟೋನೇ ವಾಸಿ, ಬಿಸಿಲಲ್ಲಿ ಪಾಪ ಕುದುರೆನ ಅಷ್ಟು ದೂರ ಓಡಿಸ್ಬೇಡಿ.

ರೇಟ್ ವಿಷ್ಯ: ಹತ್ತೋಕೆ ಮುಂಚೆನೇ ಯಾವ್ಯಾವ ಜಾಗ, ಎಷ್ಟೊತ್ತು ನಿಲ್ಲಿಸ್ತೀರಾ, ವಾಪಸ್ ಸ್ಟೇಷನ್‌ಗೆ ಬಿಡ್ತೀರಾ ಎಲ್ಲಾ ಕೇಳಿ ಮಾತಾಡ್ಕೊಳ್ಳಿ, ನಮ್ಮ ಹತ್ರ ಕೊನೇಲಿ "ವೇಟಿಂಗ್‌ದು ಬ್ಯಾರೆ ರೀ" ಅಂತ ಎಕ್ಸ್‌ಟ್ರಾ ಕೇಳಿದ್ರು. ಮೂರು ಜನಕ್ಕಿಂತ ಜಾಸ್ತಿ ಇದ್ರೆ ಎರಡು ಟಾಂಗಾ ಮಾಡ್ಕೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ರೋಜಾದಲ್ಲಿ ಹಾರ್ನ್ ಹೊಡೆದು ಹೊಡೆದು ಕರೆದಿದ್ದಕ್ಕೆ.